ಆಗಮನ ದ್ವಾರದ ಆರೋಗ್ಯ ತಪಾಸಣೆ: ಕ್ಯಾಮೆರಾಕ್ಕಿಂತ ಕಾರ್ಡು ಮೇಲು

ವಿಮಾನದಿಂದ ಇಳಿದು ಏರೋಬ್ರಿಡ್ಜ್ ದಾಟಿದ ಕೂಡಲೇ ಎದುರಾಗುವ ಆರೋಗ್ಯ ತಪಾಸಣೆಯನ್ನು ಯಾವ ಪ್ರಯಾಣಿಕನೂ ತಾನಾಗಿ ಆರಿಸಿಕೊಂಡಿರುವುದಿಲ್ಲ. ಹಿಡಿಸದಿದ್ದರೆ ಎದ್ದು ಹೊರಡಬಹುದಾದ ಸೇವೆ ಅದಲ್ಲ. ಹಾಗಿದ್ದರೂ ಅದು ಸಾರ್ವಜನಿಕರಿಗಾಗಿ, ಸಾರ್ವಜನಿಕರ ಹಣದಲ್ಲಿ ನಡೆಯುವ ಸೇವೆಯಾದ್ದರಿಂದ, ಅದು ಏನನ್ನು ಮಾಡುತ್ತೇನೆಂದು ಹೇಳಿಕೊಳ್ಳುತ್ತದೆ ಮತ್ತು ನಿಜಕ್ಕೂ ಏನನ್ನು ಮಾಡುತ್ತದೆ ಎಂದು ಕೇಳುವ ಹಕ್ಕು ಅದರೊಳಗೆ ಹಾದುಬಂದವರಿಗೆ ಇದೆ ಎಂದು ನಾನು ನಂಬಿದ್ದೇನೆ. ಎಬೋಲಾ ಸುದ್ದಿ ಮತ್ತೆ ಮೊದಲ ಪುಟಕ್ಕೆ ಬಂದಿದ್ದ ದಿನಗಳಲ್ಲಿ, ಸೋಂಕು ಕಾಣಿಸಿಕೊಂಡಿದ್ದ ದೇಶದ ನೆರೆಯ ದೇಶವೊಂದರಲ್ಲಿ ಎರಡು ವಾರಗಳ ಕೆಲಸ ಮುಗಿಸಿ, ಮಧ್ಯದಲ್ಲಿ ಒಮ್ಮೆ ವಿಮಾನ ಬದಲಿಸಿ ನಾನು ಹಿಂದಿರುಗಿದೆ. ಬಂದಿಳಿದ ನಿಲ್ದಾಣದ ಹೆಸರನ್ನು ಇಲ್ಲಿ ಹೇಳುತ್ತಿಲ್ಲ. ಇದೇ ಏರ್ಪಾಡು ಸ್ವಲ್ಪ ಹೆಚ್ಚುಕಡಿಮೆಯೊಂದಿಗೆ ಎಲ್ಲ ಕಡೆ ಇರುವುದರಿಂದ ಹೆಸರಿನಿಂದ ಓದುಗರಿಗೆ ಆಗುವ ಲಾಭವೂ ಇಲ್ಲ.

ಮೊದಲಿಗೆ ಸರದಿಯ ಮಾತು. ಮುನ್ನೂರರಷ್ಟು ಮಂದಿಯನ್ನು ಹೊತ್ತು ಬಂದ ವಿಮಾನವನ್ನು ಖಾಲಿ ಮಾಡಿಸಿ, ಅಷ್ಟೂ ಜನರನ್ನು ಕಿಟಕಿಯಿಲ್ಲದ, ಗಾಳಿ ಅಲ್ಲಾಡದ ಓಣಿಯೊಂದರಲ್ಲಿ ಒಂದು ಗಂಟೆ ಹತ್ತು ನಿಮಿಷ ಭುಜಕ್ಕೆ ಭುಜ ತಾಗುವಂತೆ ನಿಲ್ಲಿಸಲಾಯಿತು. ಹಾರುತ್ತಿರುವ ವಿಮಾನದ ಒಳಗಿನ ಗಾಳಿಯ ಬಗ್ಗೆ ಜನರಿಗೆ ಇರುವ ಭಯಕ್ಕೂ ವಾಸ್ತವಕ್ಕೂ ದೊಡ್ಡ ಅಂತರವಿದೆ. ದೊಡ್ಡ ಪ್ರಯಾಣಿಕ ವಿಮಾನಗಳಲ್ಲಿ ಗಾಳಿ ಮೇಲ್ಛಾವಣಿಯಿಂದ ಪಾದದ ಕಡೆಗೆ ಹರಿಯುತ್ತದೆ, ಗಂಟೆಗೆ ಇಪ್ಪತ್ತರಿಂದ ಮೂವತ್ತು ಬಾರಿ ಬದಲಾಗುತ್ತದೆ, ಮರುಬಳಕೆಯಾಗುವ ಭಾಗವು ಶೇ 99.97ರಷ್ಟು ಸೂಕ್ಷ್ಮ ಕಣಗಳನ್ನು ಹಿಡಿದಿಡುವ ಹೆಪಾ ಶೋಧಕದ ಮೂಲಕವೇ ಮತ್ತೆ ಒಳಗೆ ಬರುತ್ತದೆ. ಆ ಯಂತ್ರ ನಿಂತಾಗ ಮಾತ್ರ ಲೆಕ್ಕ ಬೇರೆಯಾಗುತ್ತದೆ. 2020ರ ಸೆಪ್ಟೆಂಬರಿನಲ್ಲಿ ದುಬೈಯಿಂದ ಆಕ್ಲೆಂಡಿಗೆ ಹೊರಟ ವಿಮಾನದಲ್ಲಿ ಕೊರೊನಾ ಹರಡಿದ್ದನ್ನು ಪರಿಶೀಲಿಸಿದವರು, ಅದು ನಡುವೆ ಕ್ವಾಲಾಲಂಪುರದಲ್ಲಿ ಇಂಧನ ತುಂಬಿಸಿಕೊಳ್ಳುತ್ತಿದ್ದಾಗ ಗಾಳಿ ವ್ಯವಸ್ಥೆಗೆ ಶಕ್ತಿ ಕೊಡುವ ಸಹಾಯಕ ಯಂತ್ರವು ಸುಮಾರು ಅರ್ಧ ಗಂಟೆ ಸ್ಥಗಿತಗೊಂಡಿದ್ದನ್ನು ವಿಶೇಷವಾಗಿ ಗುರುತಿಸಿದ್ದರು. ಹೀಗಿರುವಾಗ ಆಕಾಶದಲ್ಲಿ ಒಳ್ಳೆಯ ಗಾಳಿ ಕುಡಿಸಿ, ನೆಲಕ್ಕಿಳಿದ ಮೇಲೆ ಸೋಂಕಿನ ತಪಾಸಣೆಯ ಹೆಸರಿನಲ್ಲೇ ಒಬ್ಬರ ಉಸಿರನ್ನು ಇನ್ನೊಬ್ಬರಿಗೆ ಉಣಿಸುವ ಈ ಓಣಿಯನ್ನು ಯಾರು ಯೋಜಿಸಿದರೋ ತಿಳಿಯದು. ಎಬೋಲಾ ಗಾಳಿಯಿಂದ ಹರಡುವ ರೋಗವಲ್ಲ. ರೋಗಿಯ ರಕ್ತ, ವಾಂತಿ, ಬೆವರಿನಂತಹ ದ್ರವಗಳ ನೇರ ಸಂಪರ್ಕದಿಂದ ಹರಡುವಂಥದ್ದು. ಆ ಮಟ್ಟಿಗೆ ಅಂದು ನಮಗೆ ಅಪಾಯವಿರಲಿಲ್ಲ. ಆದರೆ ಇದೇ ಓಣಿಯನ್ನು ಇನ್‌ಫ್ಲುಯೆಂಜಾ ಬಂದಾಗಲೂ ಬಳಸುತ್ತಾರೆ.

ಸರದಿಯಲ್ಲಿ ನಿಂತವರ ವರ್ತನೆಯೂ ಗಮನಿಸುವಂತಿತ್ತು. ನನ್ನ ಮುಂದಿದ್ದ ಹಿರಿಯರೊಬ್ಬರು ಎರಡು ಬಾರಿ ಕೆಮ್ಮಿದ್ದೇ ತಡ, ಅವರ ಸುತ್ತ ಒಂದು ಮಾರು ಜಾಗ ತಾನಾಗಿ ತೆರವಾಯಿತು. ಅವರು ಸಂಕೋಚದಿಂದ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿ ನಿಂತರು. ಕೆಮ್ಮು ಎಬೋಲಾದ ಮುಖ್ಯ ಲಕ್ಷಣವೇ ಅಲ್ಲವೆಂದು ಆ ಉದ್ದ ಓಣಿಯ ಯಾವ ಗೋಡೆಯ ಮೇಲೂ ಬರೆದಿರಲಿಲ್ಲ. ಸಿಬ್ಬಂದಿಯಲ್ಲಿ ಯಾರೂ ಹೇಳಲಿಲ್ಲ. ಜನರ ಈ ಭಯ ಬುಡವಿಲ್ಲದ್ದೇನೂ ಅಲ್ಲ. 2003ರ ಮಾರ್ಚ್ 15ರಂದು ಹಾಂಕಾಂಗ್‌ನಿಂದ ಬೀಜಿಂಗ್‌ಗೆ ಹಾರಿದ 120 ಜನರ ವಿಮಾನವೊಂದರಲ್ಲಿ ಸಾರ್ಸ್ ಎಂಬ ಉಸಿರಾಟದ ಸೋಂಕಿದ್ದ ಒಬ್ಬ ವ್ಯಕ್ತಿಯಿಂದ ಇಪ್ಪತ್ತಕ್ಕೂ ಹೆಚ್ಚು ಮಂದಿಗೆ ಅದು ತಗುಲಿತೆಂದೂ, ಅವರಲ್ಲಿ ಕೆಲವರು ಆತನಿಂದ ಹಲವು ಸಾಲುಗಳಾಚೆ ಕುಳಿತಿದ್ದರೆಂದೂ ಆಮೇಲೆ ತಿಳಿದುಬಂತು. ಹಾಗಾಗಿ ವಿಮಾನ ಎಂದೊಡನೆ ಜನ ಬೆದರುತ್ತಾರೆ. ಯಾವ ರೋಗಕ್ಕೆ ಎಷ್ಟು ಬೆದರಬೇಕೆಂಬುದನ್ನು ತಿಳಿಸುವುದು ತಪಾಸಣೆಯ ಮೊದಲ ಕೆಲಸವಾಗಬೇಕಿತ್ತು, ಆ ಒಂದು ಗಂಟೆ ಹತ್ತು ನಿಮಿಷ ಅದಕ್ಕೆ ಸಾಕಷ್ಟಾಯಿತು ಕೂಡ.

ಈಗ ಸ್ವಯಂ ಘೋಷಣಾ ಪತ್ರಕ್ಕೆ ಬರುತ್ತೇನೆ. ಈ ಸೇವೆಯ ಗುಟ್ಟೆಲ್ಲ ಇರುವುದು ಅಲ್ಲಿ. ಒಂದೇ ಹಾಳೆ. ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಕುಳಿತಿದ್ದ ಆಸನ, ಮುಂದಿನ ಮೂರು ವಾರ ಇರುವ ವಿಳಾಸ, ದೂರವಾಣಿ. ಕೆಳಗೆ ಐದು ಪ್ರಶ್ನೆಗಳು, ಪ್ರತಿಯೊಂದರ ಮುಂದೆ ‘ಹೌದು’, ‘ಇಲ್ಲ’ ಎಂಬ ಎರಡು ಚೌಕಗಳು. ಮೂರನೆಯ ಪ್ರಶ್ನೆ ಹೀಗಿತ್ತು: ಕಳೆದ 48 ಗಂಟೆಗಳಲ್ಲಿ ನಿಮಗೆ ಜ್ವರ ಬಂದಿತ್ತೇ?

ಬಂದಿತ್ತು. ಹೊರಡುವ ಹಿಂದಿನ ರಾತ್ರಿ ಕೆಳದವಡೆಯ ಹಲ್ಲೊಂದು ಕೀವು ಕಟ್ಟಿ ಮೈ ಕಾದಿತ್ತು. ಹೋಟೆಲಿನವರು ಕೊಟ್ಟ ಥರ್ಮಾಮೀಟರ್ 38.2 ತೋರಿಸಿತ್ತು. ಆಗಿನಿಂದ ಆರು ಗಂಟೆಗೊಂದರಂತೆ ಪ್ಯಾರಾಸಿಟಮಾಲ್ ನುಂಗುತ್ತಲೇ ಎರಡು ವಿಮಾನಗಳನ್ನು ದಾಟಿದ್ದೆ. ಅದು ಹಲ್ಲಿನದೇ ಜ್ವರವೆಂದು ನನಗೆ ಖಾತ್ರಿಯಿತ್ತು. ಆದರೆ ಹಾಳೆ ಕೇಳುತ್ತಿದ್ದುದು ಜ್ವರದ ಕಾರಣವನ್ನಲ್ಲ. ಪೆನ್ನು ಹಿಡಿದುಕೊಂಡು ಆ ಎರಡು ಚೌಕಗಳನ್ನು ಬಹಳ ಹೊತ್ತು ನೋಡಿದೆ. ‘ಹೌದು’ ಎಂದು ಗುರುತು ಹಾಕಿದರೆ ಏನಾಗುತ್ತದೆಂದು ಪಕ್ಕದಲ್ಲಿ ನಿಂತಿದ್ದ ಸಿಬ್ಬಂದಿಯನ್ನು ಕೇಳಿದೆ. ‘ಆ ಕಡೆ ಕಳಿಸುತ್ತಾರೆ’ ಎಂದು ಒಂದು ಮುಚ್ಚಿದ ಬಾಗಿಲಿನ ಕಡೆ ಕೈ ತೋರಿಸಿದರು. ಎಷ್ಟು ಹೊತ್ತು, ಯಾರು ನೋಡುತ್ತಾರೆ, ಸಾಮಾನಿನ ಗತಿಯೇನು, ಮನೆಯವರಿಗೆ ತಿಳಿಸಬಹುದೇ ಎಂಬ ಯಾವುದಕ್ಕೂ ಅವರ ಬಳಿ ಉತ್ತರವಿರಲಿಲ್ಲ. ನಾನು ‘ಇಲ್ಲ’ ಎಂಬ ಚೌಕಕ್ಕೆ ಗುರುತು ಹಾಕಿದೆ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ನನ್ನಂತಹ, ಪತ್ರಿಕೆ ಓದಿ ಇತರರಿಗೆ ಬುದ್ಧಿ ಹೇಳುವ ಮನುಷ್ಯನೇ ಹಾಗೆ ಮಾಡಿದ ಮೇಲೆ ಆ ಹಾಳೆಗಳ ಕಟ್ಟಿನಲ್ಲಿ ಅಂದು ಇನ್ನೆಷ್ಟು ಸುಳ್ಳುಗಳಿದ್ದವೋ ಎಂದು ಯೋಚಿಸುವಂತಾಗಿದೆ, ಅಷ್ಟೆ.

ಹಾಳೆ ಕೊಟ್ಟು ಮುಂದೆ ಬಂದರೆ ಥರ್ಮಲ್ ಕ್ಯಾಮೆರಾ. ಮೂರು ಕಾಲಿನ ಮೇಲೆ ನಿಲ್ಲಿಸಿದ ಪೆಟ್ಟಿಗೆ, ಅದರಾಚೆ ಮೇಜಿನ ಮೇಲೆ ಪರದೆ. ಪರದೆಯಲ್ಲಿ ನಾವೆಲ್ಲ ಹಳದಿ, ಕಿತ್ತಳೆ, ನೇರಳೆ ಬಣ್ಣದ ಬೊಂಬೆಗಳಾಗಿ ನಡೆದುಬರುತ್ತಿದ್ದೆವು. ಕನ್ನಡಕ ಹಾಕಿಕೊಂಡವರ ಕಣ್ಣಿನ ಜಾಗದಲ್ಲಿ ಎರಡು ಕಪ್ಪು ಕುಳಿಗಳು ಕಾಣುತ್ತಿದ್ದವು, ಏಕೆಂದರೆ ಆ ಕ್ಯಾಮೆರಾದ ದೃಷ್ಟಿ ಗಾಜನ್ನು ದಾಟುವುದಿಲ್ಲ. ಮುಖದ ಮೇಲೆ ಒಳಮೈಯ ಉಷ್ಣತೆಗೆ ತೀರಾ ಹತ್ತಿರದ ಜಾಗವೆಂದರೆ ಕಣ್ಣಿನ ಒಳಮೂಲೆ. ಅಲ್ಲಿಯೇ ಅಳೆಯಬೇಕು, ಕನ್ನಡಕ ತೆಗೆಸಬೇಕು, ಒಬ್ಬೊಬ್ಬರನ್ನೇ ನಿಲ್ಲಿಸಬೇಕು. ಅದಾವುದೂ ನಡೆಯಲಿಲ್ಲ. ಹಲ್ಲಿನ ಕೀವು, ಹೊಟ್ಟೆಯೊಳಗಿನ ಮಾತ್ರೆ ಎರಡನ್ನೂ ಹೊತ್ತ ನಾನು ತಣ್ಣಗೆ ದಾಟಿಹೋದೆ. ನನ್ನ ಹಿಂದೆ, ನಿದ್ರಿಸುತ್ತಿದ್ದ ಮಗುವನ್ನು ಕಂಬಳಿಯ ಸಮೇತ ಎದೆಗವಚಿಕೊಂಡು, ಇನ್ನೊಂದು ಕೈಯಲ್ಲಿ ಚೀಲ ಎಳೆಯುತ್ತ ಅಷ್ಟು ಹೊತ್ತು ನಿಂತಿದ್ದ ತಾಯಿಯ ಮುಖ ಪರದೆಯಲ್ಲಿ ಕೆಂಪಾಯಿತು, ಯಂತ್ರ ಕೂಗಿತು. ಅವರನ್ನು ಆ ಬಾಗಿಲಿನತ್ತ ಕರೆದೊಯ್ದರು. ಸಾಮಾನು ಬರುವ ಬೆಲ್ಟಿನ ಹತ್ತಿರ ಅರ್ಧ ಗಂಟೆಯ ಬಳಿಕ ಅವರು ಮತ್ತೆ ಕಂಡರು. ಕಿವಿಯಲ್ಲಿಟ್ಟು ನೋಡಿದಾಗ 36.9 ಇತ್ತಂತೆ.

ಇದು ನನಗೊಬ್ಬನಿಗೆ ಆದ ಅನುಭವವೆಂದು ತಳ್ಳಿಹಾಕುವಂತಿಲ್ಲ. ಸಾರ್ಸ್ ಕಾಲದಲ್ಲಿ ಕೆನಡಾ ತನ್ನ ವಿಮಾನ ನಿಲ್ದಾಣಗಳಲ್ಲಿ ಸುಮಾರು 65 ಲಕ್ಷ ತಪಾಸಣೆಗಳನ್ನು ನಡೆಸಿತು. ಒಂಬತ್ತು ಸಾವಿರದಷ್ಟು ಪ್ರಯಾಣಿಕರನ್ನು ಹೆಚ್ಚಿನ ಪರೀಕ್ಷೆಗೆ ಕಳುಹಿಸಿತು. ಅವರಲ್ಲಿ ಒಬ್ಬರಿಗೂ ಸಾರ್ಸ್ ಇರಲಿಲ್ಲ. 2014ರಲ್ಲಿ ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್‌ಗಳಿಂದ ಹೊರಡುವವರನ್ನು ಅಲ್ಲಿಯೇ ಪರೀಕ್ಷಿಸುವ ಏರ್ಪಾಡಾದಾಗ ಮೊದಲ ಎರಡು ತಿಂಗಳಲ್ಲಿ ಸುಮಾರು 36,000 ಮಂದಿಯನ್ನು ನೋಡಿ 77 ಮಂದಿಯನ್ನು ವಿಮಾನ ಹತ್ತದಂತೆ ತಡೆಯಲಾಯಿತು. ತಡೆಯಲ್ಪಟ್ಟವರಲ್ಲಿ ಹಲವರಿಗೆ ಇದ್ದದ್ದು ಮಲೇರಿಯಾ. ಆದರೆ ಆ ವರ್ಷದ ಸೆಪ್ಟೆಂಬರಿನಲ್ಲಿ ಲೈಬೀರಿಯಾದ ಮೊನ್ರೋವಿಯಾದಿಂದ ಹೊರಟು ಅಮೆರಿಕದ ಡಲ್ಲಾಸ್ ತಲುಪಿದ ಪ್ರಯಾಣಿಕನನ್ನು ಅದೇ ಏರ್ಪಾಡು ಹಾಯಾಗಿ ಬಿಟ್ಟುಕೊಟ್ಟಿತ್ತು, ಏಕೆಂದರೆ ಹೊರಡುವ ದಿನ ಆತನ ಮೈ ಬೆಚ್ಚಗಿರಲೇ ಇಲ್ಲ, ಮತ್ತು ರೋಗಿಯ ಸಂಪರ್ಕವಿತ್ತೇ ಎಂಬ ಪ್ರಶ್ನೆಯ ಮುಂದೆ ಆತನೂ ‘ಇಲ್ಲ’ ಎಂದೇ ಗುರುತು ಹಾಕಿದ್ದ. ಆತನಿಗೆ ಲಕ್ಷಣ ಕಾಣಿಸಿಕೊಂಡದ್ದು ಬಂದಿಳಿದ ನಾಲ್ಕೈದು ದಿನಗಳ ಮೇಲೆ.

ಕ್ಯಾಮೆರಾ ಎಷ್ಟು ದುಬಾರಿಯದಾದರೂ ಈ ಲೆಕ್ಕವನ್ನು ಗೆಲ್ಲಲಾರದು. ಎಬೋಲಾ ಸೋಂಕು ದೇಹ ಹೊಕ್ಕ ಮೇಲೆ ಲಕ್ಷಣ ಕಾಣಿಸಿಕೊಳ್ಳಲು 2ರಿಂದ 21 ದಿನ ಬೇಕು. ಭೂಮಿಯ ಯಾವ ಎರಡು ದೊಡ್ಡ ನಗರಗಳ ನಡುವೆಯೂ ಇಂದು ಸಾಮಾನ್ಯವಾಗಿ ಎರಡು ದಿನಕ್ಕಿಂತ ಹೆಚ್ಚಿನ ವಿಮಾನಯಾನವಿಲ್ಲ. ಹಡಗಿನ ಕಾಲದಲ್ಲಿ ರೋಗ ದಾರಿಯಲ್ಲೇ ಬಯಲಾಗುತ್ತಿತ್ತು, ಬಂದರಿನಾಚೆ ಲಂಗರು ಹಾಕಿಸಿ ಕಾಯಿಸಿದರೆ ಉಳಿದದ್ದೂ ತಿಳಿಯುತ್ತಿತ್ತು. ಕ್ವಾರಂಟೈನ್ ಎಂಬ ಮಾತು ನಲವತ್ತು ದಿನವೆಂಬ ಅರ್ಥದ ಇಟಲಿಯ ಮಾತಿನಿಂದ ಬಂದದ್ದು ಸುಮ್ಮನೆ ಅಲ್ಲ. ವಿಮಾನ ಬಂದ ಮೇಲೆ ರೋಗಕ್ಕಿಂತ ರೋಗಿಯೇ ಮೊದಲು ತಲುಪುತ್ತಾನೆ. ಕೊರೊನಾದ ಆರಂಭದಲ್ಲಿ ಲಂಡನ್ನಿನ ಸಂಶೋಧಕರು ಹಾಕಿದ ಅಂದಾಜಿನಲ್ಲಿ, ಹೊರಡುವಾಗ ಮತ್ತು ಇಳಿದಾಗ ಎರಡೂ ಕಡೆ ಉಷ್ಣತೆ ನೋಡಿದರೂ 100 ಸೋಂಕಿತರಲ್ಲಿ 46 ಮಂದಿ ಗುರುತಿಗೆ ಸಿಗದೆ ಹಾದುಹೋಗುತ್ತಿದ್ದರು. ಆದ್ದರಿಂದ ‘ಸೋಂಕನ್ನು ದ್ವಾರದಲ್ಲೇ ತಡೆಯುತ್ತಿದ್ದೇವೆ’ ಎಂಬ ದೊಡ್ಡಕ್ಷರದ ಫಲಕವನ್ನು ಕ್ಯಾಮೆರಾದ ಪಕ್ಕದಲ್ಲಿ ನಿಲ್ಲಿಸಿದ್ದು ನನಗೆ ಸರಿಕಾಣಲಿಲ್ಲ. ಜನರ ಆತಂಕ ತಣಿಸಲು ಯಂತ್ರವನ್ನು ಇಟ್ಟುಕೊಳ್ಳಲಿ, ಅದಕ್ಕೂ ಒಂದು ಬೆಲೆಯಿದೆ. ಆದರೆ ಹಸಿರು ದೀಪ ಕಂಡು ‘ನನಗೇನೂ ಇಲ್ಲ’ ಎಂದುಕೊಂಡು ಹೊರನಡೆದವನು ಆರನೆಯ ದಿನ ಜ್ವರ ಬಂದಾಗ ಸಾಮಾನ್ಯ ಜ್ವರವೆಂದೇ ತಿಳಿದರೆ ಆ ಫಲಕ ಒಳ್ಳೆಯದಕ್ಕಿಂತ ಕೆಟ್ಟದ್ದನ್ನೇ ಹೆಚ್ಚು ಮಾಡಿದಂತಾಗುತ್ತದೆ.

ಇಷ್ಟರ ಮೇಲೆಯೂ ಈ ಸೇವೆಯನ್ನು ಪೂರ್ತಿ ಕಾಟಾಚಾರವೆಂದು ನಾನು ಬರೆಯದಿರಲು ಕಾರಣ, ಕ್ಯಾಮೆರಾ ದಾಟಿದ ಮೇಲೆ ಸಿಕ್ಕ ಚಿಕ್ಕ ಮೇಜು. ಅಲ್ಲಿ ಕುಳಿತಿದ್ದ ಆರೋಗ್ಯಾಧಿಕಾರಿ ಪಾಸ್‌ಪೋರ್ಟಿನ ಮೊಹರುಗಳನ್ನು ತಿರುವಿ ನೋಡಿ, ನಾನು ಬಂದ ದೇಶದ ಹೆಸರು ಕಂಡು, ಒಂದು ಪ್ಲಾಸ್ಟಿಕ್ ಚೀಲ ಕೊಟ್ಟರು. ಒಳಗೆ ಡಿಜಿಟಲ್ ಥರ್ಮಾಮೀಟರ್, ಬೆಳಿಗ್ಗೆ ಮತ್ತು ಸಂಜೆ ಉಷ್ಣತೆ ಬರೆದಿಡಲು 21 ದಿನಗಳ ಗೆರೆ ಹಾಕಿದ ಹಾಳೆ, ಪರ್ಸಿನಲ್ಲಿಡುವಷ್ಟು ಅಗಲದ ಹಳದಿ ಕಾರ್ಡು. ಕಾರ್ಡಿನ ಮೇಲಿದ್ದ ಸಾಲು ಇದು: ‘ಜ್ವರ ಬಂದರೆ ಆಸ್ಪತ್ರೆಗೆ ಹೊರಡುವ ಮುನ್ನ ಈ ಸಂಖ್ಯೆಗೆ ಕರೆ ಮಾಡಿ. ಆಸ್ಪತ್ರೆಯಲ್ಲಿ ಮೊದಲು ಈ ಕಾರ್ಡು ತೋರಿಸಿ, ಆಮೇಲೆ ಮಾತನಾಡಿ.’ ಅಮೆರಿಕದಲ್ಲಿ 2014ರ ಅಕ್ಟೋಬರಿನಿಂದ ಪಶ್ಚಿಮ ಆಫ್ರಿಕಾದ ಪ್ರಯಾಣಿಕರಿಗೆ ಹೆಚ್ಚುಕಡಿಮೆ ಇಂತಹದೇ ಚೀಲವನ್ನು ಕೊಡುತ್ತಿದ್ದರು. ಅದು ಬಂದದ್ದು ಡಲ್ಲಾಸ್‌ನ ಪ್ರಕರಣ ನಡೆದ ಮೇಲೆ, ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ ಎನ್ನಬಹುದು. ಆದರೆ ಬಾಗಿಲು ಸರಿಯಾದ ಕಡೆಗೇ ಇತ್ತು. ಡಲ್ಲಾಸ್‌ನ ಆ ರೋಗಿ ಮೊದಲ ಬಾರಿ ಜ್ವರವೆಂದು ಆಸ್ಪತ್ರೆಗೆ ಹೋದಾಗ ಆಫ್ರಿಕಾದಿಂದ ಬಂದಿದ್ದೇನೆಂದು ಹೇಳಿದ್ದ. ಆದರೂ ಔಷಧಿ ಕೊಟ್ಟು ಮನೆಗೆ ಕಳುಹಿಸಿದ್ದರು. ಎರಡು ದಿನಗಳ ಬಳಿಕ ಆತ ಆಂಬುಲೆನ್ಸಿನಲ್ಲಿ ಹಿಂತಿರುಗಿದ, ಅಕ್ಟೋಬರ್ 8ರಂದು ತೀರಿಕೊಂಡ, ಆರೈಕೆ ಮಾಡಿದ ಇಬ್ಬರು ದಾದಿಯರಿಗೆ ಸೋಂಕು ತಗುಲಿತು. ಆ ದಾದಿಯರು ಬದುಕಿಕೊಂಡರು.

ದಕ್ಷಿಣ ಕೊರಿಯಾದಲ್ಲಿ 2015ರಲ್ಲಿ ನಡೆದದ್ದೂ ಇದೇ ಬಗೆಯದು. ಮಧ್ಯಪ್ರಾಚ್ಯದಿಂದ ಮೇ 4ರಂದು ಹಿಂದಿರುಗಿದ ವ್ಯಕ್ತಿಗೆ ಇಳಿದಾಗ ಏನೂ ಇರಲಿಲ್ಲ. ಒಂದು ವಾರದ ಮೇಲೆ ಜ್ವರ ಬಂತು. ಒಂದಾದ ಮೇಲೊಂದು ಆಸ್ಪತ್ರೆ ಸುತ್ತಿ, ಮೇ 20ರಂದು ಅದು ಮರ್ಸ್ ಎಂಬ ಉಸಿರಾಟದ ರೋಗವೆಂದು ಖಚಿತವಾಗುವ ಹೊತ್ತಿಗೆ ಸೋಂಕು ಹಲವರಿಗೆ ದಾಟಿತ್ತು. ಕೊನೆಗೆ 186 ಮಂದಿ ಸೋಂಕಿತರಾದರು, 38 ಮಂದಿ ಸತ್ತರು. ಇದಕ್ಕೆ ವ್ಯತಿರಿಕ್ತವಾದದ್ದು ನೈಜೀರಿಯಾದ ಲಾಗೋಸ್‌ನ ಕಥೆ. 2014ರ ಜುಲೈ 20ರಂದು ಎಬೋಲಾ ಪೀಡಿತ ಪ್ರಯಾಣಿಕನೊಬ್ಬ ಆ ಮಹಾನಗರದ ನಿಲ್ದಾಣದಲ್ಲಿಯೇ ಕುಸಿದನು. ಅವನನ್ನು ಬಿಡುಗಡೆ ಮಾಡಬೇಕೆಂಬ ಒತ್ತಡಕ್ಕೆ ಮಣಿಯದೆ ಆಸ್ಪತ್ರೆಯಲ್ಲಿಯೇ ಉಳಿಸಿಕೊಂಡ ವೈದ್ಯೆ ಅಮೆಯೊ ಅಡಾಡೆವೊ ಸ್ವತಃ ಆ ಸೋಂಕಿಗೆ ಬಲಿಯಾದರು. ಸುಮಾರು 900 ಸಂಪರ್ಕಿತರನ್ನು ಹುಡುಕಿ, 18,000ಕ್ಕೂ ಹೆಚ್ಚು ಬಾರಿ ಅವರ ಮನೆಬಾಗಿಲಿಗೆ ಹೋಗಿ ವಿಚಾರಿಸಿ, 20 ಪ್ರಕರಣಗಳಲ್ಲಿ, 8 ಸಾವುಗಳಲ್ಲಿ ನೈಜೀರಿಯಾ ಅದನ್ನು ನಿಲ್ಲಿಸಿತು. ಅಕ್ಟೋಬರ್ 20ರಂದು ವಿಶ್ವ ಆರೋಗ್ಯ ಸಂಸ್ಥೆ ದೇಶವನ್ನು ಸೋಂಕುಮುಕ್ತವೆಂದು ಸಾರಿತು. ಅಲ್ಲಿ ಕೆಲಸ ಮಾಡಿದ್ದು ಕ್ಯಾಮೆರಾ ಅಲ್ಲ, ಮನೆಮನೆಗೆ ನಡೆದ ಕಾಲುಗಳು ಮತ್ತು ಸರಿಯಾಗಿ ಬರೆದುಕೊಂಡ ವಿಳಾಸಗಳು.

ಆ ದೃಷ್ಟಿಯಿಂದ ಚಿಕ್ಕ ಮೇಜಿನ ಸೇವೆಯಲ್ಲಿಯೂ ಕೊರತೆಗಳಿವೆ. ಕಾರ್ಡಿನ ದೂರವಾಣಿ ಸಂಖ್ಯೆಯನ್ನು ಹಿಂಬದಿಯಲ್ಲಿ, ಹಳದಿಯ ಮೇಲೆ ಬಿಳಿ ಅಕ್ಷರದಲ್ಲಿ ಮುದ್ರಿಸಿದ್ದಾರೆ. ಜ್ವರದಲ್ಲಿ ಕಣ್ಣು ಮಂಜಾದವನಿಗೆ ಅದು ಕಾಣುವ ಮಾತಿಲ್ಲ. ಥರ್ಮಾಮೀಟರಿನ ಜೊತೆ ಬಂದ ಸೂಚನೆಯನ್ನು ತಯಾರಕರ ಭಾಷೆಯಲ್ಲಿಯೇ ಬಿಟ್ಟಿದ್ದಾರೆ. ವಿಳಾಸ ಬರೆಯಿಸಿಕೊಂಡವರು ಅದನ್ನು ನಿಜವೋ ಎಂದು ಪರೀಕ್ಷಿಸಲಿಲ್ಲ, ಕೊಟ್ಟ ಸಂಖ್ಯೆಗೆ ಅಲ್ಲಿಯೇ ಒಮ್ಮೆ ಕರೆ ಮಾಡಿ ನೋಡಿದ್ದರೆ ಅರ್ಧ ನಿಮಿಷ ಸಾಕಾಗುತ್ತಿತ್ತು. 38 ಡಿಗ್ರಿ ದಾಟಿದರೆ ಮಾತ್ರ ಕರೆ ಮಾಡಿ ಎಂಬ ಗೆರೆಯ ಬಗ್ಗೆಯೂ ನನಗೆ ಅನುಮಾನವಿದೆ. ಡಲ್ಲಾಸ್‌ನ ದಾದಿಯರಲ್ಲಿ ಒಬ್ಬರು 2014ರ ಅಕ್ಟೋಬರ್ 13ರಂದು ವಿಮಾನ ಹತ್ತುವ ಮೊದಲು ತಾವಾಗಿ ಅಧಿಕಾರಿಗಳಿಗೆ ಫೋನ್ ಮಾಡಿ, ಮೈ 37.5ರಷ್ಟಿದೆ ಎಂದು ತಿಳಿಸಿದ್ದರು. ಗೆರೆ ದಾಟಿಲ್ಲವೆಂದು ಯಾರೂ ತಡೆಯಲಿಲ್ಲ. ಮರುದಿನ ಜ್ವರ ಏರಿತು. ಜೊತೆಗೆ ಪ್ರಯಾಣಿಸಿದ ಯಾರಿಗೂ ಸೋಂಕು ತಗುಲಲಿಲ್ಲವಾದರೂ, ನಿಜ ಹೇಳಿದವರಿಗೆ ‘ಗೆರೆಯ ಒಳಗಿದ್ದೀರಿ’ ಎಂಬ ಉತ್ತರ ಸಾಕಾಗದು ಎಂಬುದು ಅಂದೇ ಗೊತ್ತಾಗಿತ್ತು.

ನಕ್ಷತ್ರ ಕೊಡಲೇಬೇಕೆಂದರೆ, ಓಣಿಗೆ ಸೊನ್ನೆ, ಕ್ಯಾಮೆರಾಗೆ ಐದರಲ್ಲಿ ಒಂದು, ಚೀಲಕ್ಕೆ ಮೂರೂವರೆ. ಘೋಷಣಾ ಪತ್ರಕ್ಕೆ ಎಷ್ಟು ಕೊಡಬೇಕೋ ನಾನು ಹೇಳುವುದು ಶೋಭಿಸದು. ಅದನ್ನು ತಿದ್ದುವವರಿಗೆ ಎರಡು ಸಲಹೆಗಳಿವೆ. ‘ಹೌದು’ ಎಂದರೆ ಮುಂದೇನಾಗುತ್ತದೆ, ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನು ಆ ಚೌಕದ ಪಕ್ಕದಲ್ಲಿಯೇ ಎರಡು ಸಾಲಿನಲ್ಲಿ ಮುದ್ರಿಸಲಿ. ಮುಚ್ಚಿದ ಬಾಗಿಲಿಗೆ ಹೆದರಿದಷ್ಟು ಜನ ರೋಗಕ್ಕೂ ಹೆದರುವುದಿಲ್ಲ. ಮತ್ತು ಜ್ವರವಿತ್ತೇ ಎಂದು ಕೇಳುವುದರ ಜೊತೆಗೆ ಮಾತ್ರೆ ನುಂಗಿದ್ದೀರಾ ಎಂದೂ ಕೇಳಲಿ.

ಈ ಎರಡನೆಯ ಪ್ರಶ್ನೆ ನನ್ನ ಕಲ್ಪನೆಯದಲ್ಲ. ಮನೆ ಸೇರಿದ ಮಾರನೆಯ ಬೆಳಿಗ್ಗೆ, ದಂತವೈದ್ಯರಲ್ಲಿಗೆ ಹೊರಡುವ ಆತುರದಲ್ಲಿದ್ದಾಗ, ಆರೋಗ್ಯ ಇಲಾಖೆಯಿಂದ ಮೊದಲ ಕರೆ ಬಂತು. ಹೆಣ್ಣುಮಗಳೊಬ್ಬರ ದನಿ, ಅವಸರವಿಲ್ಲದ ಮಾತು. ಉಷ್ಣತೆ ಎಷ್ಟೆಂದು ಕೇಳಿದರು, 37.1 ಎಂದೆ. ಕ್ಷಣ ತಡೆದು, ‘ಅಳೆಯುವ ಮುಂಚೆ ಮಾತ್ರೆ ಏನಾದರೂ ತೆಗೆದುಕೊಂಡಿದ್ದಿರಾ?’ ಎಂದರು. ತೆಗೆದುಕೊಂಡಿದ್ದೆ ಎಂದೆ, ಹಾಗೆಯೇ ಹಿಂದಿನ ಎರಡು ದಿನಗಳ ಸಂಗತಿಯನ್ನೂ, ಹಾಳೆಯ ಮೂರನೆಯ ಚೌಕದ ಸಂಗತಿಯನ್ನೂ ಹೇಳಿಬಿಟ್ಟೆ. ಅವರು ಗದರಿಸಲಿಲ್ಲ. ಆಚೆ ಕಡೆ ಕೀಲಿಮಣೆಯ ಸದ್ದು ಸ್ವಲ್ಪ ಹೊತ್ತು ಕೇಳಿಸಿತು. ದಂತವೈದ್ಯರಿಗೆ ಮೊದಲು ಫೋನ್ ಮಾಡಿ ಎಲ್ಲಿಂದ ಬಂದಿರುವಿರೆಂದು ತಿಳಿಸಿ, ಅವರು ಒಪ್ಪಿದ ಮೇಲೆಯೇ ಹೊರಡಿ, ಹಳದಿ ಕಾರ್ಡು ಮರೆಯಬೇಡಿ ಎಂದರು. ಆಮೇಲೆ, ‘ತಿದ್ದಿಕೊಂಡಿದ್ದೇನೆ. ನಾಳೆ ಇದೇ ಹೊತ್ತಿಗೆ ಮಾಡುತ್ತೇನೆ, ಮಾತ್ರೆ ನುಂಗುವ ಮೊದಲೇ ಅಳೆದಿಡಿ’ ಎಂದು ಫೋನ್ ಇಟ್ಟರು.